ತಾತ್ಕಾಲಿಕ ಮರುಭೂಮಿಯಲ್ಲಿ ಅನುಮತಿಯಿಲ್ಲದೆ ಮಳೆ ಕಂಡ ಬಗ್ಗೆ

ಸಂಖ್ಯೆ: ವಸಂತ/ಮರಳು/ವೀಕ್ಷಣೆ/ಮಳೆ(ಇಲ್ಲ)/ಹಂಗಾಮಿ

ವಸಂತ ಹವಾಮಾನ ವೀಕ್ಷಣಾ ಶಾಖೆ,
ಬೆಂಗಳೂರು ದಕ್ಷಿಣ ತಾತ್ಕಾಲಿಕ ಮರುಭೂಮಿ ವಲಯ
(ಕಚೇರಿಯು ಸಿಬ್ಬಂದಿಯ ಅನುಕೂಲಕ್ಕಾಗಿ ಮರುಭೂಮಿಯ ಹೊರಗೆ, ಜಯನಗರದಲ್ಲಿದೆ)

ಸುತ್ತೋಲೆ

ವಿಷಯ: ಜರಗನಹಳ್ಳಿ–ಪುಟ್ಟೇನಹಳ್ಳಿ ತಾತ್ಕಾಲಿಕ ಮರುಭೂಮಿಯಲ್ಲಿ ವಸಂತಕಾಲದ ಹವಾಮಾನವನ್ನು ವೀಕ್ಷಿಸುವುದು, ಮುನ್ಸೂಚಿಸುವುದು ಹಾಗೂ ಮುನ್ಸೂಚನೆಗೆ ವಿರುದ್ಧವಾಗಿ ಬೀಳುವ ಮಳೆಯನ್ನು ನೋಡದೆ ಇರುವುದರ ಕುರಿತು.

ಓದಲಾಗಿದೆ:
1. ಸದರಿ ಪ್ರದೇಶವನ್ನು ತಾತ್ಕಾಲಿಕ ಮರುಭೂಮಿಯೆಂದು ಘೋಷಿಸಿದ ಈ ಶಾಖೆಯ ಆದೇಶ.
2. ಮರುಭೂಮಿ ವಸಂತ ಕೈಪಿಡಿ (ಮೊದಲ ಪುಟ ಮತ್ತು ಕೊನೆಯ ಪುಟ ಮಾತ್ರ. ನಡುವಿನ ಪುಟಗಳು ಇನ್ನೂ ಸರಬರಾಜಾಗಿಲ್ಲ).
3. ಹಂಗಾಮಿ ವೀಕ್ಷಕಿ ಕುಮಾರಿ ಭಾಗ್ಯಜ್ಯೋತಿ ಅವರ ವಿವರಣೆ.
4. ಶ್ರೀಮತಿ ಮುನಿಲಕ್ಷ್ಮಮ್ಮ ಅವರ ಮೌಖಿಕ ಆಕ್ಷೇಪಣೆ (ಅಕ್ಕಪಕ್ಕದ ಬೀದಿಗಳಿಗೂ ಕೇಳಿಸಿರುತ್ತದೆ).

ಪ್ರಸ್ತಾವನೆ:

ಜರಗನಹಳ್ಳಿ ಯಾವಾಗಿನಿಂದ ಮರುಭೂಮಿಯಾಯಿತು ಎಂದು ಹೊಸದಾಗಿ ಸೇರಿದ ಸಿಬ್ಬಂದಿಯವರೆಲ್ಲ ಕೇಳಿ ತಲೆ ತಿನ್ನುತ್ತಿರುವುದರಿಂದ, ಆ ಸಂಗತಿಯನ್ನು ಇಲ್ಲಿ ಒಮ್ಮೆ ವಿವರಿಸಿ ಕೈತೊಳೆದುಕೊಳ್ಳಲಾಗುತ್ತಿದೆ.

ಈ ಶಾಖೆಯ ಸಮೀಕ್ಷಕರಾದ ಶ್ರೀ ಶಿವರಾಮ್ ಅವರನ್ನು ಸ್ಥಳೀಯ ಹವಾಮಾನದ ಸ್ವರೂಪ ತಿಳಿದು ಬರುವಂತೆ ಕಳುಹಿಸಲಾಗಿತ್ತು. ಎತ್ತರವಾದ ಜಾಗದಲ್ಲಿ ನಿಂತು ಸುತ್ತಲೂ ನೋಡಬೇಕೆಂಬುದು ನಿಯಮ. ಜರಗನಹಳ್ಳಿಯಲ್ಲಿ ಅವರಿಗೆ ಸಿಕ್ಕ ಎತ್ತರವಾದ ಜಾಗವೆಂದರೆ, ಸ್ಥಳೀಯ ಮನೆ ಮಾಲೀಕರಾದ ಶ್ರೀ ಬೈರಣ್ಣ ಅವರು ಮತ್ತೊಂದು ಮನೆ ಕಟ್ಟಿಸಲು ಅರ್ಧ ರಸ್ತೆಗೆ ಸುರಿಸಿದ್ದ ಎಂ-ಸ್ಯಾಂಡ್ ರಾಶಿ. ಶ್ರೀ ಶಿವರಾಮ್ ಅವರು ಅದನ್ನು ಹತ್ತಿ ನಿಂತರು. ಮುಂದೆ ನೋಡಿದರೆ ಮರಳು. ಬಲಕ್ಕೆ, ಎಡಕ್ಕೆ ಮರಳು. ಹಿಂದೆ ತಿರುಗಿ ನೋಡುವಷ್ಟರಲ್ಲಿ ಜಾರಿ ಬಿದ್ದಿದ್ದೂ ಮರಳಿನ ಮೇಲೆಯೇ. ಹಸಿರು ಕಾಣಲಿಲ್ಲ. ಎದ್ದು ಕೈ ತೊಳೆಯೋಣವೆಂದು ಪಕ್ಕದ ನಲ್ಲಿ ತಿರುಗಿಸಿದಾಗ ಅದರಲ್ಲಿ ಗಾಳಿ ಮಾತ್ರ ಬಂದಿತು. ಅಷ್ಟು ಹೊತ್ತಿಗೆ ಸರಿಯಾಗಿ ಹಿಂದಿನ ಬೀದಿಯಲ್ಲಿ ಯಾರದೋ ಮಗುವಿನ ಬರ್ತ್‌ಡೇಗೆಂದು ಕರೆಸಿದ್ದ ಒಂಟೆಯೊಂದು ಆ ಕಡೆಯಿಂದ ಈ ಕಡೆಗೆ ನಡೆದುಹೋಯಿತು. ಇನ್ನೇನು ಸಾಕ್ಷಿ ಬೇಕು?

ಶ್ರೀ ಬೈರಣ್ಣ ಅವರು ಆ ಸ್ಥಳದಲ್ಲಿಯೇ, “ಸಾರ್, ಅದು ಎಂ-ಸ್ಯಾಂಡು ಸಾರ್. ಮೋಲ್ಡ್ ಹಾಕಿದ ಮೇಲೆ ಖಾಲಿ ಆಗೋಗುತ್ತೆ” ಎಂದು ಹೇಳಿರುತ್ತಾರೆ. ಇದನ್ನು ವರದಿಯಲ್ಲಿ ‘ಮರಳಿನ ಇರುವಿಕೆಯನ್ನು ಸ್ಥಳೀಯರೂ ಒಪ್ಪಿದ್ದಾರೆ’ ಎಂದು ದಾಖಲಿಸಲಾಗಿದೆ. ಆದೇಶ ಹೊರಬಿದ್ದ ಮೇಲೆ ಶ್ರೀ ಬೈರಣ್ಣ ಅವರು ತಮ್ಮ ಆಕ್ಷೇಪಣೆಯನ್ನು ತಾವಾಗಿಯೇ ಹಿಂಪಡೆದು, ಹಳೆಯ ಮನೆಯ ಗೇಟಿಗೆ ‘ಡೆಸರ್ಟ್ ವ್ಯೂ ಮನೆ ಬಾಡಿಗೆಗಿದೆ, ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು ನೇತುಹಾಕಿರುವುದು ಕಂಡುಬಂದಿದೆ.

ಅದರಂತೆ, ಕನಕಪುರ ರಸ್ತೆಯ ಬಸ್ ಸ್ಟಾಪಿನಲ್ಲಿ ಆರಂಭವಾಗುವ ಮರುಭೂಮಿಯು ಪುಟ್ಟೇನಹಳ್ಳಿ ಕೆರೆಯ ಹತ್ತಿರ ಓಯಸಿಸ್ ಆಗಿ ಕೊನೆಗೊಳ್ಳತಕ್ಕದ್ದು. ಬೆಳಿಗ್ಗೆ ಕೆರೆ ಸುತ್ತುವವರನ್ನು ದಾರಿ ತಪ್ಪಿದ ಪ್ರಯಾಣಿಕರೆಂದು ಪರಿಗಣಿಸತಕ್ಕದ್ದು.

ಈ ಮರುಭೂಮಿಗೆ ಹಂಗಾಮಿ ವೀಕ್ಷಕಿಯಾಗಿ ಕುಮಾರಿ ಭಾಗ್ಯಜ್ಯೋತಿ ಅವರನ್ನು ನೇಮಿಸಲಾಯಿತು. ಇವರು ಲಿಂಗಸುಗೂರಿನ ಕಡೆಯವರು, ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆ ಕೋಣೆಯಲ್ಲಿರುವವರು. ಬಿಸಿಲಿನ ಊರಿನವರಾದ್ದರಿಂದ ಮರುಭೂಮಿಯ ಅನುಭವ ಇದ್ದೇ ಇರುತ್ತದೆಂದು ಭಾವಿಸಲಾಯಿತು. ಮೊದಲ ದಿನವೇ ಇವರು, “ಸರ, ಇದಕ್ಕ ಮರುಭೂಮಿ ಅಂದ್ರ ನಮ್ಮೂರಿಗಿ ಏನಂತೀರಿ?” ಎಂದು ಕೇಳಿರುತ್ತಾರೆ. ಸದರಿ ಪ್ರಶ್ನೆಯನ್ನು ಸ್ಪಷ್ಟೀಕರಣ ಕೋರಿ ಮೇಲಧಿಕಾರಿಗಳಿಗೆ ಕಳುಹಿಸಲಾಗಿದ್ದು, ಅಲ್ಲಿಂದ ನಿಟ್ಟುಸಿರಿನ ಹೊರತು ಬೇರೆ ಉತ್ತರ ಬಂದಿಲ್ಲ.

ವೀಕ್ಷಣಾ ಕೇಂದ್ರವನ್ನು ಶ್ರೀ ಬೈರಣ್ಣ ಅವರ ಮನೆಯ ಟೆರೇಸಿನ ಮೇಲೆ ಸ್ಥಾಪಿಸಲಾಯಿತು. ಅದೇ ಟೆರೇಸಿನ ಮೇಲೆ ಶ್ರೀ ಬೈರಣ್ಣ ಅವರ ಪತ್ನಿ ಶ್ರೀಮತಿ ಮುನಿಲಕ್ಷ್ಮಮ್ಮ ಅವರು ಶಿವರಾತ್ರಿ ಕಳೆದ ಮೇಲೆ ಸಂಡಿಗೆ ಹಾಕುವುದು ಶಾಖೆ ಹುಟ್ಟುವುದಕ್ಕೂ ಮೊದಲಿನಿಂದ ನಡೆದುಬಂದ ಪದ್ಧತಿ. ಅವರು ಹಾಕಿದರೆ ಬೀದಿಯವರೆಲ್ಲ ಹಾಕುತ್ತಾರೆ, ಅವರು ಹಾಕದಿದ್ದರೆ ಯಾರೂ ಹಿಟ್ಟು ಕಾಯಿಸುವುದಿಲ್ಲ. ಈ ವರ್ಷ ಮಗಳ ಸೀಮಂತ ಬೇರೆ ಇರುವುದರಿಂದ ಮಾಮೂಲಿಗಿಂತ ಹೆಚ್ಚು ಹಾಕುವುದಿತ್ತು. ವೀಕ್ಷಕಿಯವರು ಟೆರೇಸಿಗೆ ಬಂದ ದಿನದಿಂದ ಶ್ರೀಮತಿ ಮುನಿಲಕ್ಷ್ಮಮ್ಮ ಅವರು ಪ್ರತಿ ಬೆಳಿಗ್ಗೆ ಒಂದು ಲೋಟ ಮಜ್ಜಿಗೆ ಹಿಡಿದು ಮೇಲೆ ಬಂದು, “ಏನ್ ಜ್ಯೋತಿ, ಇವತ್ತು ಸಂಡಿಗೆ ಹಾಕ್ಲಾ, ಬೇಡ್ವಾ?” ಎಂದು ಕೇಳತೊಡಗಿದರು.

ಕುಮಾರಿ ಭಾಗ್ಯಜ್ಯೋತಿ ಅವರಿಗೆ ಈ ಪ್ರಶ್ನೆ ಬಹಳ ಹಿಡಿಸಿತೆಂಬುದು ಅವರ ವಿವರಣೆಯಿಂದ ಗೊತ್ತಾಗುತ್ತದೆ. ಬೆಂಗಳೂರಿಗೆ ಬಂದಂದಿನಿಂದ ಅವರನ್ನು ಬಸ್ಸಿನಲ್ಲಿ ‘ಆಧಾರ್ ತೋರ್ಸಿ’ ಎಂದಿದ್ದಾರೆ, ಮನೆ ಹುಡುಕುವಾಗ ‘ನಾನ್‌ವೆಜ್ಜಾ?’ ಎಂದಿದ್ದಾರೆ, ಕಚೇರಿಯಲ್ಲಿ ‘ಸಹಿ ಎಲ್ಲಿ?’ ಎಂದಿದ್ದಾರೆ. ನಿನಗೇನನ್ನಿಸುತ್ತದೆ ಎಂದು ಯಾರೂ ಕೇಳಿರಲಿಲ್ಲ. ಆ ಮಜ್ಜಿಗೆಯ ಜೊತೆಗೆ ಬರುವ ಒಂದು ಪ್ರಶ್ನೆಗೆ ಉತ್ತರ ಹೇಳಲಿಕ್ಕೇ ಅವರು ದಿನಾ ಬಿಟಿಎಂನಿಂದ ಬೇಗ ಹೊರಡುತ್ತಿದ್ದರೆಂದು ಹಾಜರಾತಿಯ ಮೇಲೆ ನಿಗಾ ಇಡುವವರು ವರದಿ ಮಾಡಿದ್ದಾರೆ. ಇಲಾಖೆಯ ಇತಿಹಾಸದಲ್ಲಿ ಬೇಗ ಬಂದವರ ಮೇಲೆ ವರದಿ ಆಗಿರುವುದು ಇದೇ ಮೊದಲು.

ಹೀಗಿರುವಲ್ಲಿ, ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಬನಶಂಕರಿಯ ಕಡೆ ಮೋಡ ಕಟ್ಟಿತು. ಅದು ಅಂಥ ಗುಟ್ಟಿನ ಮೋಡವೇನೂ ಅಲ್ಲ. ಹಾಲಿನವರು ನೋಡಿದರು, ಹೂವಿನವರು ನೋಡಿದರು, ಬೀದಿ ನಾಯಿ ಕೂಡ ನೋಡಿ ಕಾರಿನ ಕೆಳಗೆ ಹೋಗಿ ಮಲಗಿತು. ಆದರೆ ಕೈಪಿಡಿಯ ಮೊದಲ ಪುಟದಲ್ಲಿ ವಸಂತಕಾಲದ ಮರುಭೂಮಿಗೆ ‘ಒಣ’ ಎಂಬುದೊಂದೇ ಮುನ್ಸೂಚನೆ ಇರುವುದರಿಂದ, ಬೇರೆ ಏನನ್ನೂ ಯಾರಿಗೂ ಹೇಳಕೂಡದೆಂದು ಹಿಂದಿನ ಸಂಜೆಯಷ್ಟೇ ವೀಕ್ಷಕಿಯವರಿಗೆ ತಾಕೀತು ಮಾಡಲಾಗಿತ್ತು. ಶ್ರೀಮತಿ ಮುನಿಲಕ್ಷ್ಮಮ್ಮ ಅವರು ಎಂದಿನಂತೆ ಕೇಳಿದಾಗ ಕುಮಾರಿ ಭಾಗ್ಯಜ್ಯೋತಿ ಅವರು ನೆಲ ನೋಡುತ್ತಾ, “ಹಾಕ್ರಿ ಅಮ್ಮ” ಎಂದರು.

ಮಧ್ಯಾಹ್ನ ಮಳೆ ಹುಯ್ಯಿತು. (‘ಮೇಲಿಂದ ನೀರು ಬಂದಿತು’ ಎಂದು ಓದಿಕೊಳ್ಳುವುದು. ಖಂಡಿಕೆ 2 ನೋಡಿ.) ಇಡೀ ಬೀದಿಯ ಸಂಡಿಗೆ ಮತ್ತೆ ಹಿಟ್ಟಾಗಿ ಪೈಪುಗಳಲ್ಲಿ ಇಳಿದು ಹೋಯಿತು.

ಶ್ರೀಮತಿ ಮುನಿಲಕ್ಷ್ಮಮ್ಮ ಅವರು ಬೀದಿಯ ಕಡೆ ತಿರುಗಿ ಶಾಖೆಯ ಬಗ್ಗೆ ಸಲ್ಲಿಸಿದ ಆಕ್ಷೇಪಣೆಯನ್ನು ಪದಶಃ ಇಲ್ಲಿ ಕೊಡಲಾಗುವುದಿಲ್ಲ. ನಂತರ ವೀಕ್ಷಕಿಯವರ ಕಡೆ ತಿರುಗಿ, ದನಿ ಇಳಿಸಿ, “ನೀನ್ ಮೋಡ ನೋಡಿದ್ಯಾ, ಜ್ಯೋತಿ?” ಎಂದು ಕೇಳಿದರು.

“ನೋಡಿದ್ನಿರಿ.”

“ಮತ್ತೆ ಯಾಕ್ ಹೇಳ್ಲಿಲ್ಲ?”

ವೀಕ್ಷಕಿಯವರು ಬಗ್ಗಿ ನೆಂದ ಚಾಪೆಯನ್ನು ಸುತ್ತತೊಡಗಿದರು. ಮರುದಿನ ಬೆಳಿಗ್ಗೆ ಮಜ್ಜಿಗೆ ಬಂದಿತು, ಆದರೆ ಪ್ರಶ್ನೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಕೇಳುವುದನ್ನೇ ಬಿಟ್ಟರಲ್ಲ ಎಂದು ಕುಮಾರಿ ಭಾಗ್ಯಜ್ಯೋತಿ ಅವರಿಗೆ ವಿಪರೀತ ಸಂಕಟವಾಯಿತು. ದೈನಂದಿನ ನಮೂನೆಯಲ್ಲಿ ಸಂಕಟಕ್ಕೆ ಕಾಲಂ ಇರುವುದಿಲ್ಲ. ಮಳೆಗೂ ಇರುವುದಿಲ್ಲ. ಆದಾಗ್ಯೂ ಅವರು ‘ಧೂಳು’ ಎಂಬ ಕಾಲಮ್ಮಿನಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಮಳೆ ಬಂದಿದೆ’ ಎಂದು ಬರೆದು ಕಳುಹಿಸಿರುವುದನ್ನು ಶಾಖೆಯು ಅತ್ಯಂತ ಗಂಭೀರವಾಗಿ ಪರಿಗಣಿಸಿದೆ.

ಈ ಎಲ್ಲ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಸಮಸ್ತರಿಗೂ ಕೆಳಕಂಡಂತೆ ಸೂಚಿಸಿ, ಪಾಲಿಸದವರಿಗೆ ಮತ್ತೊಮ್ಮೆ ಸೂಚಿಸಲಾಗುವುದು:

1. ವಸಂತಕಾಲದ ಹವಾಮಾನವು ಒಣ, ಬಹಳ ಒಣ, ಧೂಳು, ಧೂಳಿನೊಂದಿಗೆ ಒಣ ಎಂದು ನಾಲ್ಕು ವಿಧ. ಐದನೆಯದನ್ನು ಕಂಡವರು ಕಣ್ಣು ತೊಳೆದುಕೊಂಡು ಮತ್ತೆ ನೋಡತಕ್ಕದ್ದು. ಕಣ್ಣು ತೊಳೆಯಲು ಬೇಕಾದ ನೀರನ್ನು ಸ್ವಂತ ಖರ್ಚಿನಲ್ಲಿ ತಂದುಕೊಳ್ಳುವುದು.

2. ಮೇಲಿನಿಂದ ಬೀಳುವ ಯಾವುದೇ ನೀರನ್ನು ಮೊದಲಿಗೆ ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿದ ನೀರೆಂದೇ ಭಾವಿಸತಕ್ಕದ್ದು. ಅಂಥ ನೀರು ತಲೆಯ ಮೇಲೆ ಬಿದ್ದ ಕೂಡಲೇ ಸಿಬ್ಬಂದಿಯು ‘ಮೋಟರ್ ಆಫ್ ಮಾಡ್ರೀ’ ಎಂದು ಗಟ್ಟಿಯಾಗಿ ಕೂಗಿ, ನೀರು ನಿಲ್ಲುವುದನ್ನು ಕಾಯಬೇಕು. ನಿಲ್ಲದಿದ್ದರೆ ಇನ್ನೂ ಗಟ್ಟಿಯಾಗಿ ಕೂಗಬೇಕು. ಸದರಿ ದಿನ ಬನಶಂಕರಿಯಿಂದ ಬಿಟಿಎಂವರೆಗೆ ಎಲ್ಲೆಡೆ ಏಕಕಾಲಕ್ಕೆ ನೀರು ಬಿದ್ದಿರುವುದರಿಂದ, ದಕ್ಷಿಣ ಬೆಂಗಳೂರಿನ ಎಲ್ಲ ಮನೆಯವರೂ ಏಕಕಾಲಕ್ಕೆ ಮೋಟರ್ ಹಾಕಿ ಮರೆತಿದ್ದಾರೆಂಬ ತೀರ್ಮಾನಕ್ಕೆ ಬರಲಾಗಿದೆ. ನಲ್ಲಿಯಲ್ಲೇ ನೀರಿಲ್ಲದಿರುವಾಗ ಟ್ಯಾಂಕ್ ಹೇಗೆ ತುಂಬಿತೆಂಬ ಪ್ರಶ್ನೆಯು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ.

3. ಅದೇ ದಿನ ಕಚೇರಿಯ ದಾಖಲೆ ಕೊಠಡಿ ಸೋರಿ, ಸುತ್ತೋಲೆಗಳ ಪ್ರತಿಗಳನ್ನು ಕಾದಿಡುವ ರಕ್ಷಾ ಕಡತವು ಪೂರ್ತಿ ನೆಂದಿದೆ. ಮಳೆ ಬಾರದೇ ಇರುವುದರಿಂದ ಕಡತವು ನೆನೆದಿಲ್ಲವೆಂದೇ ತಿಳಿಯುವುದು. ನೆನೆಯದ ಕಡತವನ್ನು ಒಣಗಿಸಲು ಪ್ರತ್ಯೇಕವಾಗಿ ಕ್ರಮ ಕೈಗೊಳ್ಳಲಾಗಿದೆ.

4. ಮರುಭೂಮಿ ವ್ಯಾಪ್ತಿಯಲ್ಲಿ ಕೊಡೆಯನ್ನು ಬಿಸಿಲಿಗೆ ಮಾತ್ರ ಬಿಚ್ಚತಕ್ಕದ್ದು. ನೀರು ಬೀಳುವಾಗ ಕೊಡೆ ಬಿಚ್ಚಿದವರು, ತಾವು ಆ ಹೊತ್ತಿನಲ್ಲಿ ಬಿಸಿಲಿನ ಬಗ್ಗೆಯೇ ಯೋಚಿಸುತ್ತಿದ್ದುದಾಗಿ ಮುಚ್ಚಳಿಕೆ ಬರೆದುಕೊಡಬೇಕು.

5. ಮಣ್ಣಿನ ವಾಸನೆಯನ್ನು ಕರ್ತವ್ಯದ ಅವಧಿಯಲ್ಲಿ ಸೇವಿಸಕೂಡದು. ಅರಿವಿಲ್ಲದೆ ಒಳಗೆ ಎಳೆದುಕೊಂಡವರು ಸಹಿ ಹಾಕುವ ಮುನ್ನ ಪೂರ್ತಿ ಹೊರಗೆ ಬಿಡುವುದು. ‘ಆಹಾ’ ಎನ್ನುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

6. ಬನಶಂಕರಿ ಬಸ್ ನಿಲ್ದಾಣದ ಹತ್ತಿರದ ಬಜ್ಜಿ ಗಾಡಿಯವರು ಸದರಿ ದಿನ ನೀರು ಬೀಳುವುದಕ್ಕೆ ಮೊದಲೇ ಕಡಲೆಹಿಟ್ಟು ಜಾಸ್ತಿ ಕಲಸಿಟ್ಟುಕೊಂಡಿದ್ದುದು ಪತ್ತೆಯಾಗಿದೆ. ಇದು ಅನಧಿಕೃತ ಮುನ್ಸೂಚನೆ. ಇನ್ನು ಮುಂದೆ ಅವರು ಹಿಟ್ಟು ಕಲಸುವ ಮುನ್ನ ಶಾಖೆಯ ಒಪ್ಪಿಗೆ ಪಡೆಯತಕ್ಕದ್ದು. ಸ್ಥಳ ಪರಿಶೀಲನೆಗೆ ಹೋದ ಮೂವರು ಸಿಬ್ಬಂದಿ ಮೆಣಸಿನಕಾಯಿ ಬಜ್ಜಿಯನ್ನು ಸಾಕ್ಷ್ಯವಾಗಿ ವಶಪಡಿಸಿಕೊಂಡಿದ್ದು, ಸಾಕ್ಷ್ಯವು ದಾರಿಯಲ್ಲಿ ನಾಶವಾಗಿದೆ.

7. ಪುಟ್ಟೇನಹಳ್ಳಿ ಓಯಸಿಸ್‌ನ ಕಪ್ಪೆಗಳು ಅಂದು ಸಂಜೆ ಒಟ್ಟಾಗಿ ಕೂಗಿರುವುದಕ್ಕೆ ಕಾರಣ ಕೇಳಿ ನೋಟಿಸು ನೀಡಲಾಗಿತ್ತು. ಅವು ಇನ್ನಷ್ಟು ಕೂಗಿದ್ದು ಬಿಟ್ಟರೆ ಸಮಜಾಯಿಷಿ ನೀಡಿಲ್ಲ. ಪ್ರಕರಣವನ್ನು ಅವುಗಳ ಗೈರುಹಾಜರಿಯಲ್ಲಿ ಮುಂದುವರಿಸಲಾಗಿದೆ.

8. ಶ್ರೀ ಬೈರಣ್ಣ ಅವರ ಕಟ್ಟಡದ ಕೆಲಸ ಚುರುಕಾಗಿ ಸಾಗಿರುವುದರಿಂದ ಮರುಭೂಮಿಯು ದಿನೇ ದಿನೇ ಕರಗುತ್ತಿದೆ. ಮೊನ್ನೆ ಮೋಲ್ಡ್ ಹಾಕಿದಾಗ ಬಹುಭಾಗ ಹೋಗಿದೆ. ಉಳಿದಿದ್ದರಲ್ಲಿ ಬೆಕ್ಕೊಂದು ತನ್ನ ಖಾಸಗಿ ಉದ್ದೇಶಕ್ಕೆ ಜಾಗ ಮಾಡಿಕೊಂಡಿದೆ. ಪ್ಲಾಸ್ಟರಿಂಗ್ ಮುಗಿದ ಮೇಲೂ ಕನಿಷ್ಠ ಒಂದು ಬಾಂಡ್ಲಿ ಮರಳನ್ನು ಶಾಖೆಯ ಅಸ್ತಿತ್ವಕ್ಕಾಗಿ ಉಳಿಸಿಕೊಡುವಂತೆ ಮೇಸ್ತ್ರಿಯವರನ್ನು ಕೋರಲಾಗಿದೆ. ಬೆಕ್ಕನ್ನು ಸ್ಥಳೀಯ ವನ್ಯಜೀವಿಯೆಂದು ನಮೂದಿಸಿಕೊಳ್ಳಲಾಗಿದೆ.

9. ಇನ್ನು, ಅನುಮತಿಯಿಲ್ಲದೆ ಮಳೆ ಕಂಡ ವೀಕ್ಷಕಿಯವರ ವಿಚಾರ. ಹಂಗಾಮಿ ಅವಧಿ ಮುಗಿಯುತ್ತ ಬಂದಿದ್ದರಿಂದ, ಅವರನ್ನು ಮುಂದುವರಿಸಬೇಕೇ ಮನೆಗೆ ಕಳುಹಿಸಬೇಕೇ ಎಂದು ಸ್ಥಳದಲ್ಲಿಯೇ ತೀರ್ಮಾನಿಸಲು ಉಪ ನಿರ್ದೇಶಕರಾದ ಶ್ರೀ ಭೀಮಪ್ಪ ಅವರು ಸಿಬ್ಬಂದಿಯೊಂದಿಗೆ ಖುದ್ದಾಗಿ ಟೆರೇಸಿಗೆ ಭೇಟಿ ನೀಡಿದರು. ಬಿದ್ದದ್ದು ಟ್ಯಾಂಕಿನ ನೀರು ಎಂದು ಒಂದು ಸಾಲು ಬರೆದು ಸಹಿ ಹಾಕಿ, ಇನ್ನು ಮುಂದೆ ‘ಒಣ’ ಎಂಬುದನ್ನು ಬಿಟ್ಟು ಬೇರೆ ಮಾತಾಡದಿದ್ದರೆ ಸಾಕು, ಎಲ್ಲ ಸಲೀಸಾಗಿ ಆಗುತ್ತದೆಂದು ಅವರು ತಂದೆಯ ಸ್ಥಾನದಲ್ಲಿ ನಿಂತು ತಿಳಿಹೇಳಿದರು. ಕಾಗದವನ್ನೂ ಪೆನ್ನನ್ನೂ ಅವರೇ ಕೊಟ್ಟರು.

ಕುಮಾರಿ ಭಾಗ್ಯಜ್ಯೋತಿ ಅವರು, “ಸರ, ನನ್ನ ತಲಿ ಮ್ಯಾಲೆ ಬಿದ್ದೈತ್ರಿ ಅದು. ಟ್ಯಾಂಕಿನ ನೀರಾಗಿದ್ರ ಬ್ಲೀಚಿಂಗ್ ಪೌಡರಿನ ವಾಸನಿ ಬರ್ತಿತ್ರಿ” ಎಂದರು. ಎಂದರೇ ಹೊರತು ಕಾಗದವನ್ನು ಹಿಂದಿರುಗಿಸಲಿಲ್ಲ. ಕೆಲಸ ಹೋದರೆ ಬಿಟಿಎಂ ಕೋಣೆಯೂ ಹೋಗುತ್ತದೆ, ಲಿಂಗಸುಗೂರಿನ ಬಸ್ಸು ಹತ್ತಬೇಕಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪೆನ್ನು ಬಲಗೈಯಲ್ಲಿತ್ತು, ಕಾಗದ ಎಡಗೈಯಲ್ಲಿತ್ತು.

10. ಅದೇ ಸಮಯಕ್ಕೆ ಶ್ರೀಮತಿ ಮುನಿಲಕ್ಷ್ಮಮ್ಮ ಅವರು ಎರಡನೆಯ ಸಲದ ಹಿಟ್ಟು ತಂದು, ಯಾರನ್ನೂ ಕೇಳದೆ, ಚಾಪೆಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಹಾಕಲು ಶುರುಮಾಡಿದ್ದರು. ಸೀಮಂತ ಹತ್ತಿರ ಬಂದಿದ್ದರಿಂದ ಇದೂ ಕೆಟ್ಟರೆ ಮತ್ತೆ ಮಾಡಲು ಪುರುಸೊತ್ತಿರಲಿಲ್ಲ. ಬನಶಂಕರಿಯ ಕಡೆ ಮತ್ತೆ ಕಪ್ಪಾಗುತ್ತಿತ್ತು. ಶಾಖೆಯ ಅಧಿಕಾರಿಗಳೆಲ್ಲರೂ ನಿಯಮದಂತೆ ಆ ಕಡೆಗೆ ಬೆನ್ನು ಮಾಡಿ ನಿಂತಿದ್ದರು. ಅರ್ಧ ಪಂಚೆ ತುಂಬಿದ ಮೇಲೆ ಶ್ರೀಮತಿ ಮುನಿಲಕ್ಷ್ಮಮ್ಮ ಅವರ ಕೈ ನಿಂತಿತು. ಅವರು ಮೊದಲು ಆಕಾಶ ನೋಡಿದರು, ಆಮೇಲೆ ವೀಕ್ಷಕಿಯವರ ಮುಖ ನೋಡಿದರು.

“ಏನ್ ಜ್ಯೋತಿ,” ಎಂದರು. “ಹಾಕ್ಲಾ, ಬೇಡ್ವಾ?”

ಉಪ ನಿರ್ದೇಶಕರು ಕೆಮ್ಮಿದರು. ಆ ಕೆಮ್ಮಿನ ಅರ್ಥ ‘ಒಣ’ ಎಂಬುದನ್ನು ಇಲಾಖೆಯ ಎಲ್ಲರೂ ಬಲ್ಲರು.

“ಬ್ಯಾಡ್ರಿ ಅಮ್ಮ,” ಎಂದರು ಕುಮಾರಿ ಭಾಗ್ಯಜ್ಯೋತಿ. “ಹಾಕಿದ್ದೂ ತಗೀರಿ. ಮೋಡ ಕಟ್ಟೈತಿ.”

ಹಾಗೆ ಹೇಳಿ ಅವರು ಪೆನ್ನನ್ನು ಉಪ ನಿರ್ದೇಶಕರಿಗೆ ಹಿಂದಿರುಗಿಸಿದರೆಂದು ಹತ್ತಿರ ನಿಂತಿದ್ದ ಸಿಬ್ಬಂದಿ ತಿಳಿಸಿದ್ದಾರೆ.

11. ತದನಂತರ ನಡೆದ ಸಾಗಣೆಯ ಕುರಿತು: ಹಸಿ ಸಂಡಿಗೆಯಾದ್ದರಿಂದ ಪಂಚೆಯನ್ನು ನಾಲ್ಕು ಮೂಲೆಯಲ್ಲಿ ಬಿಗಿಯಾಗಿ ಹಿಡಿದೇ ಒಯ್ಯಬೇಕಾಗಿತ್ತು. “ನಿಂತ್ಕೊಂಡ್ ಏನ್ ನೋಡ್ತಿದೀರ ಸಾರ್, ಹಿಡ್ಕೊಳಿ ಆ ಕಡೆ!” ಎಂದು ಶ್ರೀಮತಿ ಮುನಿಲಕ್ಷ್ಮಮ್ಮ ಅವರು ಗದರಿದ್ದರಿಂದ, ಉಪ ನಿರ್ದೇಶಕರು ಒಂದು ಮೂಲೆಯನ್ನೂ, ಸಮೀಕ್ಷಕ ಶ್ರೀ ಶಿವರಾಮ್ ಅವರು ಒಂದು ಮೂಲೆಯನ್ನೂ, ಶ್ರೀ ಬೈರಣ್ಣ ಹಾಗೂ ವೀಕ್ಷಕಿಯವರು ಉಳಿದೆರಡನ್ನೂ ಹಿಡಿದು ಮೆಟ್ಟಿಲಿಳಿದರು. ತಿರುವಿನಲ್ಲಿ ಉಪ ನಿರ್ದೇಶಕರ ಮೂಲೆ ಸಡಿಲವಾಗಿ ಕೆಲವು ಸಂಡಿಗೆಗಳು ಅವರ ಷರ್ಟಿಗೆ ಹತ್ತಿಕೊಂಡಿವೆ. ಈ ಷರ್ಟನ್ನು ಮರುಭೂಮಿ ಸಾಗಣೆ ನಷ್ಟದ ಲೆಕ್ಕಕ್ಕೆ ಸೇರಿಸಲಾಗಿದೆ. ಇತ್ತ ಬೀದಿಯ ಅಷ್ಟೂ ಟೆರೇಸುಗಳಿಂದ ಸಂಡಿಗೆ, ಹಪ್ಪಳ, ಮೆಣಸಿನಕಾಯಿ, ಯಾರದೋ ದಿಂಬು ಎಲ್ಲವೂ ಒಳಗೆ ಹೋದವು.

ಎಲ್ಲರೂ ಮೆಟ್ಟಿಲ ಹತ್ತಿರ ನಿಂತು ಕಾದರು. ಗಾಳಿ ಬೀಸಿತು, ಗುಡುಗು ಒಂದು ಸಲ ಗಂಟಲು ಸರಿಮಾಡಿಕೊಂಡಿತು. ಬಳಿಕ ಮೋಡವು ಜರಗನಹಳ್ಳಿಯನ್ನು ಕ್ಯಾರೇ ಎನ್ನದೆ ಬನಶಂಕರಿಯಾಚೆಯ ಶ್ರೀನಗರದ ಕಡೆಗೆ ಹೊರಟುಹೋಯಿತು. ಒಂದು ಹನಿ ಬೀಳಲಿಲ್ಲ. ಚುರುಗುಟ್ಟುವ ಬಿಸಿಲು ಬಂದಿತು.

12. ಈ ಮೂಲಕ ಶಾಖೆಯ ‘ಒಣ’ ಮುನ್ಸೂಚನೆಯು ಮೊಟ್ಟಮೊದಲ ಬಾರಿಗೆ ಮೋಡದ ಎದುರಿನಲ್ಲಿ ನಿಜವಾಗಿದ್ದು, ಇದು ಸಮಸ್ತ ಸಿಬ್ಬಂದಿಗೂ ಹೆಮ್ಮೆಯ ಸಂಗತಿ. ಉಪ ನಿರ್ದೇಶಕರು ಅಲ್ಲಿಯೇ ಎಲ್ಲರ ಕೈಕುಲುಕಿದರು. ಕೈಗಳು ಅಂಟಿಕೊಂಡಿದ್ದರಿಂದ ಸಮಾರಂಭವು ನಿಗದಿಗಿಂತ ಹೆಚ್ಚು ಹೊತ್ತು ನಡೆಯಿತು.

13. ಶ್ರೀ ಬೈರಣ್ಣ ಅವರು, “ಎಲ್ಲಮ್ಮಾ ಜ್ಯೋತಿ ನಿನ್ ಮಳೆ? ಸುಮ್ನೆ ಮೆಟ್ಲು ಹತ್ತಿಳಿಸ್ದಲ್ಲ ಎಲ್ರನ್ನೂ!” ಎಂದು ನಕ್ಕರು. ಕುಮಾರಿ ಭಾಗ್ಯಜ್ಯೋತಿ ಅವರು ತಲೆ ತಗ್ಗಿಸಿ ನಿಂತರು. ಕೆಲಸವೂ ಹೋಯಿತು, ಈ ಮನೆಯವರ ಎದುರು ಮಾನವೂ ಹೋಯಿತು ಎಂದುಕೊಂಡರು.

ಶ್ರೀಮತಿ ಮುನಿಲಕ್ಷ್ಮಮ್ಮ ಅವರು ಒಳಗೆ ಹೋಗಿ ಮಜ್ಜಿಗೆ ತಂದು ಅವರ ಕೈಗಿತ್ತರು. “ಬರ್ದೇ ಇದ್ರೆ ಹೋಗ್ಲಿ ಬಿಡವ್ವಾ. ಮಳೆ ಏನ್ ನಮ್ಮಪ್ಪನ ಮನೇದಾ, ಹೇಳ್ದಂಗೆ ಬರಕ್ಕೆ? ನೋಡಿದ್ದನ್ನ ಹೇಳ್ದಲ್ಲ, ನಂಗಷ್ಟೇ ಸಾಕು. ಈಗ ಹೇಳು, ಮತ್ತೆ ಮೇಲಕ್ಕೆ ಹಾಕ್ಲಾ, ಬೇಡ್ವಾ?”

ವೀಕ್ಷಕಿಯವರು ಹೊರಗೆ ಹೋಗಿ, ಕೈ ಅಡ್ಡ ಹಿಡಿದು ಆಕಾಶವನ್ನು ಬಹಳ ಹೊತ್ತು ನೋಡಿದರು. “ಹಾಕ್ರಿ ಅಮ್ಮ,” ಎಂದರು. ಈ ಸಲ ನೆಲ ನೋಡಲಿಲ್ಲ. ಅಧಿಕಾರಿಗಳು ಪಂಚೆಯ ಮೂಲೆಗಳನ್ನು ಮತ್ತೆ ಹಿಡಿದುಕೊಂಡು ಮೇಲೆ ಹತ್ತಿದರು. ಇದನ್ನು ಆರೋಹಣ ಭತ್ಯೆಗೆ ಪರಿಗಣಿಸಲಾಗುವುದಿಲ್ಲ.

14. ತೀರ್ಮಾನ: ವೀಕ್ಷಕಿಯವರು ಕಾಗದಕ್ಕೆ ಸಹಿ ಹಾಕಿಲ್ಲ. ಸದರಿ ಕಾಗದವನ್ನು ಮಜ್ಜಿಗೆ ಲೋಟದ ಮೇಲೆ ಮುಚ್ಚಿಟ್ಟಿರುವುದು ಕಂಡುಬಂದಿದೆ. ಅನುಮತಿಯಿಲ್ಲದೆ ಬಂದ ಮಳೆಯನ್ನು ಕಂಡದ್ದು ಒಂದು, ಬಾರದ ಮಳೆಯನ್ನು ಹೇಳಿದ್ದು ಮತ್ತೊಂದು, ಹೀಗೆ ಎರಡು ಆರೋಪಗಳು ಸಾಬೀತಾಗಿದ್ದು, ಅವರನ್ನು ಹುದ್ದೆಯಿಂದ ಬಿಡುಗಡೆಗೊಳಿಸಲು ನಿರ್ಧರಿಸಲಾಗಿದೆ. ಆದರೆ ತೆರವಾಗುವ ಸ್ಥಾನಕ್ಕೆ ಮರುಭೂಮಿಯ ಅನುಭವವುಳ್ಳವರೇ ಬೇಕಾಗಿದ್ದು, ವಲಯದಲ್ಲಿ ಆ ಅರ್ಹತೆಯಿರುವುದು ಬರ್ತ್‌ಡೇಗೆ ಬಂದಿದ್ದ ಒಂಟೆಗೆ ಮಾತ್ರ. ಅದನ್ನು ಸಂದರ್ಶನಕ್ಕೆ ಕರೆಯಲಾಗಿತ್ತು. ಬಿಟಿಎಂನಲ್ಲಿ ಇನ್ನೊಂದು ಬರ್ತ್‌ಡೇ ಇರುವುದರಿಂದ ಬರಲಾಗುವುದಿಲ್ಲವೆಂದು ಒಂಟೆಯವರು ಫೋನಿನಲ್ಲಿ ತಿಳಿಸಿದ್ದಾರೆ. ಆದ್ದರಿಂದ ಒಂಟೆಗೆ ಬಿಡುವಾಗುವವರೆಗೆ ಕುಮಾರಿ ಭಾಗ್ಯಜ್ಯೋತಿ ಅವರೇ ಹುದ್ದೆಯಲ್ಲಿ ಮುಂದುವರಿಯತಕ್ಕದ್ದು. ಒಂಟೆಯ ಮುಂದಿನ ಬುಕಿಂಗ್‌ಗಳು ಭರ್ತಿಯಾಗಿವೆ ಎಂಬುದನ್ನು ಶಾಖೆಯು ಗಮನಿಸಿದೆ, ಮತ್ತು ಗಮನಿಸಿ ಸುಮ್ಮನಿದೆ.

15. ಶಾಖೆಯ ಅಧಿಕೃತ ಮುನ್ಸೂಚನೆಯು ಎಂದಿನಂತೆ ‘ಒಣ’ ಎಂದೇ ಇರತಕ್ಕದ್ದು. ಪ್ರತಿ ಬೆಳಿಗ್ಗೆ ಟೆರೇಸಿನ ಮೇಲೆ ಇಬ್ಬರು ಹೆಂಗಸರ ನಡುವೆ ಮಜ್ಜಿಗೆಯ ಸಂದರ್ಭದಲ್ಲಿ ನಡೆಯುವ ಖಾಸಗಿ ಸಂಭಾಷಣೆಯು ಮುನ್ಸೂಚನೆಯೆಂದು ಪರಿಗಣಿತವಾಗುವುದಿಲ್ಲ. ಅದನ್ನು ಸಿಬ್ಬಂದಿಯು ಕದ್ದು ಕೇಳಿಸಿಕೊಂಡು ತಮ್ಮ ತಮ್ಮ ಮನೆಗಳಿಗೆ ಫೋನ್ ಮಾಡಬಾರದು. ಮಾಡಿದಲ್ಲಿ, ಫೋನನ್ನು ಉಪ ನಿರ್ದೇಶಕರು ಮಾಡಿ ಮುಗಿಸಿದ ನಂತರವೇ ಮಾಡತಕ್ಕದ್ದು.

(ಸಹಿ, ಅಂಟಿಕೊಂಡಿದೆ)
ಭೀಮಪ್ಪ
ಉಪ ನಿರ್ದೇಶಕರು,
ವಸಂತ ಹವಾಮಾನ ವೀಕ್ಷಣಾ ಶಾಖೆ

ಪ್ರತಿಗಳು:

1. ಶ್ರೀ ಬೈರಣ್ಣ, ಮರುಭೂಮಿಯ ಮಾಲೀಕರು, ಜರಗನಹಳ್ಳಿ: ಒಂದು ಬಾಂಡ್ಲಿ ಮರಳಿನ ವಿಚಾರವಾಗಿ ಕಳಕಳಿಯ ವಿನಂತಿಯೊಂದಿಗೆ.
2. ಕಪ್ಪೆಗಳು, ಪುಟ್ಟೇನಹಳ್ಳಿ ಓಯಸಿಸ್: ದಡದ ಕಲ್ಲುಬೆಂಚಿಗೆ ಅಂಟಿಸುವ ಮೂಲಕ.
3. ಬಜ್ಜಿ ಗಾಡಿ, ಬನಶಂಕರಿ: ಈ ಪ್ರತಿಯಲ್ಲಿ ಬಜ್ಜಿ ಕಟ್ಟಿಕೊಡಕೂಡದೆಂಬ ಸೂಚನೆಯೊಂದಿಗೆ.
4. ಒಂಟೆ: ಬಿಡುವಾದಾಗ.
5. ಶ್ರೀಮತಿ ಅಂಜನಮ್ಮ, ಉಪ ನಿರ್ದೇಶಕರ ನಿವಾಸ: ನಾಳೆ ಹಪ್ಪಳ ಒಣಗಿಸುವ ಮುನ್ನ ಯಜಮಾನರ ಫೋನಿಗೆ ಕಾಯುವುದು. ಯಜಮಾನರು ಜರಗನಹಳ್ಳಿಯಲ್ಲಿ ಕೇಳಿಕೊಂಡು ತಿಳಿಸುತ್ತಾರೆ.
6. ಶ್ರೀಮತಿ ಮುನಿಲಕ್ಷ್ಮಮ್ಮ: ದಯವಿಟ್ಟು ಕೇಳುವುದನ್ನು ನಿಲ್ಲಿಸಬಾರದೆಂದು ಕೋರಿ.
7. ರಕ್ಷಾ ಕಡತ: ಬಾರದ ಮಳೆಯಲ್ಲಿ ನೆಂದಿರುವುದರಿಂದ ಸದರಿ ಟೆರೇಸಿನ ಮೇಲೆ, ಸಂಡಿಗೆಯ ಪಕ್ಕದಲ್ಲಿ ಹಾಳೆ ಹಾಳೆಯಾಗಿ ಹರಡಲಾಗಿದೆ. ತೆಗೆಯಬೇಕಾದಾಗ ಜ್ಯೋತಿ ಹೇಳುತ್ತಾಳೆ.